ಸೊಂಟದ ಮಾತ್ರೆ ತಲೆಗೇರಿದರೆ: ಮಾಡಬೇಕಾದ್ದು, ಮಾಡಬಾರದ್ದು

ಸೊಂಟ ಹಿಡಿದುಕೊಂಡಿದೆ, ಕುತ್ತಿಗೆ ಉಳುಕಿದೆ, ಪಾರ್ಶ್ವವಾಯು ಹೊಡೆದ ಮೇಲೆ ಕೈಕಾಲು ಬಿಗಿದುಕೊಂಡಿದೆ ಎಂದು ‘ಮಸಲ್ ರಿಲ್ಯಾಕ್ಸೆಂಟ್’ ನುಂಗುತ್ತಿರುವವರಿಗೆ, ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಈ ಸೂಚನೆ. ಮಾತ್ರೆ ನುಂಗಿದ ಮೇಲೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ಹಗಲೆಲ್ಲ ಮಂಪರು ಕವಿದಿರುತ್ತದೆ, ಮಾತು ತೊದಲುತ್ತದೆ, ಮೂತ್ರದ ಬಣ್ಣ ಬದಲಾಗುತ್ತದೆ, ಇಲ್ಲದ್ದು ಎದುರಿಗೆ ಕಾಣುತ್ತದೆ. ಹೀಗೆಲ್ಲ ಆದೀತು ಎಂದು ಯಾರೂ ಮೊದಲೇ ಹೇಳಿರುವುದಿಲ್ಲ. ಆಗ ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದಷ್ಟೇ ಇಲ್ಲಿದೆ. ವೈದ್ಯರ ಕೈಗೆ ಸಿಗುವ ತನಕ ಇದು ಸಾಕು, ವೈದ್ಯರ ಬದಲಿಗೆ ಸಾಲದು.

ಮಾಡಬೇಕಾದ್ದು

ಸ್ಟ್ರಿಪ್ ಕೈಗೆ ತೆಗೆದುಕೊಂಡು ಸಣ್ಣ ಅಕ್ಷರ ಓದಿ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು, ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮಲ್ಲಿ ಸ್ನಾಯು ಸಡಿಲಿಸುವ ಔಷಧ ಒಂಟಿಯಾಗಿ ಬರುವುದೇ ಅಪರೂಪ. ಸಾಮಾನ್ಯವಾಗಿ ಬರೆದುಕೊಡುವ ಸೊಂಟನೋವಿನ ಒಂದು ಮಾತ್ರೆಯೊಳಗೆ ಮೂರು ಔಷಧ ಇರುತ್ತವೆ. ಅಸೆಕ್ಲೋಫೆನಾಕ್ 100 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ, ಇವೆರಡರ ಜೊತೆಗೆ ಥಯೋಕಾಲ್ಚಿಕೋಸೈಡ್ 4 ಮಿಲಿಗ್ರಾಂ, ಕ್ಲೋರ್‌ಜೋಕ್ಸಜೋನ್ 250 ಮಿಲಿಗ್ರಾಂ ಅಥವಾ ಟೈಜಾನಿಡಿನ್ 2 ಮಿಲಿಗ್ರಾಂ, ಈ ಮೂರರಲ್ಲೊಂದು. ಸ್ನಾಯು ಸಡಿಲಿಸುವುದು ಈ ಕೊನೆಯದ್ದು ಮಾತ್ರ.

ಇದನ್ನು ತಿಳಿಯದೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗಿ ಬೀಳುವುದಿಲ್ಲ. ಹೊಟ್ಟೆ ಉರಿ, ಕಪ್ಪು ಮಲ, ಕಾಲು ಊತ, ಇದ್ದಕ್ಕಿದ್ದಂತೆ ಏರಿದ ಬಿಪಿ, ಅಸ್ತಮಾ ಕೆರಳುವುದು, ಇವುಗಳಿಗೆ ಬಹುಪಾಲು ಕಾರಣ ಅಸೆಕ್ಲೋಫೆನಾಕ್ ಅಥವಾ ಡೈಕ್ಲೋಫೆನಾಕ್. ತೂಕಡಿಕೆ, ಬವಳಿ, ಬಾಯಿ ಒಣಗುವುದು, ಬಿಪಿ ಕುಸಿಯುವುದು ಟೈಜಾನಿಡಿನ್‌ನ ಲಕ್ಷಣ. ಭೇದಿ ಹೆಚ್ಚಾಗಿ ಥಯೋಕಾಲ್ಚಿಕೋಸೈಡ್‌ನದು. ‘ನನಗೆ ಮಸಲ್ ರಿಲ್ಯಾಕ್ಸೆಂಟ್ ಆಗಿಬರಲಿಲ್ಲ’ ಎನ್ನುವವರಲ್ಲಿ ಎಷ್ಟೋ ಮಂದಿಗೆ ಆಗಿಬರದೆ ಇರುವುದು ಅದರ ಪಕ್ಕದಲ್ಲಿ ಕೂತ ನೋವಿನ ಔಷಧ.

ಔಷಧ ಅಂಗಡಿಯ ಕೌಂಟರಿನಲ್ಲಿ ದಿನವೂ ನಡೆಯುವ ಮಾತುಕತೆ ಹೀಗಿರುತ್ತದೆ. ‘ಯಾವ ಮಾತ್ರೆ ಅಜ್ಜಿ ತಗೊಂಡದ್ದು?’ ‘ಉದ್ದಕೆ ಐತಪ್ಪ, ಕಿತ್ತಳೆ ಬಣ್ಣ.’ ಬಣ್ಣ, ಆಕಾರ ನೋಡಿ ಯಾರೂ ಔಷಧ ಹೇಳಲಾರರು. ಒಂದೇ ಔಷಧ ಒಂದು ಕಂಪನಿಯಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಹಳದಿ.

ಹೆಸರು ಇರುವ ತುಂಡನ್ನೇ ಕೇಳಿ ಪಡೆಯಿರಿ. ಆರು ಮಾತ್ರೆ ಬೇಕೆಂದರೆ ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಔಷಧದ ವಿವರ ಇರುವ ತುಂಡು ಡಬ್ಬಿಯಲ್ಲೇ ಉಳಿಯುತ್ತದೆ, ನಿಮ್ಮ ಕೈಗೆ ಬರುವುದು ಬರೀ ಹೊಳೆಯುವ ಹಾಳೆ. ‘ಹೆಸರಿರೋ ಕಡೆಯಿಂದ ಕೊಡಿ’ ಎನ್ನಿ. ಆಗದಿದ್ದರೆ ಬಿಲ್ ಕೇಳಿ, ಅಥವಾ ಇಡೀ ಸ್ಟ್ರಿಪ್‌ನ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಇದ್ದರೆ ಅದನ್ನೂ ಸ್ಕ್ಯಾನ್ ಮಾಡಬಹುದು. ಕಾಗದದ ಪೊಟ್ಟಣದಲ್ಲಿ ಮೂರು ಬಣ್ಣದ ಬಿಡಿ ಮಾತ್ರೆ ಕಟ್ಟಿಕೊಡುವ ಕ್ಲಿನಿಕ್ಕುಗಳು ಹಳ್ಳಿಗಳಲ್ಲಿ, ಪೇಟೆಯ ಗಲ್ಲಿಗಳಲ್ಲಿ ಇನ್ನೂ ಇವೆ. ಅಲ್ಲಿ ಸಂಕೋಚ ಪಡಬೇಡಿ. ಪೊಟ್ಟಣದ ಮೇಲೆ ಹೆಸರು ಬರೆಸಿಕೊಂಡೇ ಎದ್ದು ಬನ್ನಿ.

ಹೊತ್ತು ಬರೆದಿಡಿ. ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ, ತೊಂದರೆ ಶುರುವಾದದ್ದು ಎಷ್ಟು ಗಂಟೆಗೆ, ಎಷ್ಟು ಹೊತ್ತು ಇತ್ತು ಎಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಾದರೂ ಗೀಚಿಡಿ. ಟೈಜಾನಿಡಿನ್‌ನ ಪ್ರಭಾವ ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲಿ ಏರಿ, ಮೂರರಿಂದ ಆರು ಗಂಟೆಯೊಳಗೆ ಇಳಿಯುತ್ತದೆ. ಬವಳಿ ಅದೇ ಹೊತ್ತಿಗೆ ಬಂದು ಅದೇ ಹೊತ್ತಿಗೆ ಹೋಗುತ್ತಿದ್ದರೆ ಕಾರಣ ಹುಡುಕಲು ವೈದ್ಯರು ತಲೆಯ ಸ್ಕ್ಯಾನ್‌ವರೆಗೆ ಹೋಗಬೇಕಾಗಿ ಬರಲಿಕ್ಕಿಲ್ಲ.

ಮಲಗಿದವರು ಒಮ್ಮೆಲೇ ಏಳಬೇಡಿ. ಕೂತು, ನಿಂತು, ಆಮೇಲೆ ನಡೆಯಿರಿ. ಮಗ್ಗುಲಾಗಿ ಏಳಿ, ಕಾಲು ಕೆಳಗೆ ಬಿಟ್ಟು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತಿರಿ, ಏನಾದರೂ ಹಿಡಿದು ನಿಲ್ಲಿ, ತಲೆ ತಿರುಗದಿದ್ದರೆ ಹೆಜ್ಜೆ ಇಡಿ. ಅರವತ್ತೈದು ದಾಟಿದವರಿಗೆ ಇದು ಆಜ್ಞೆ ಎಂದೇ ತಿಳಿಯಿರಿ. ವಯಸ್ಸಾದವರಿಗೆ ಕೊಡದಿರುವುದೇ ಲೇಸು ಎಂಬ ಔಷಧಗಳ ಪಟ್ಟಿಯೊಂದು ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘದ ಬಳಿ ಇದೆ, ಬೀರ್ಸ್ ಪಟ್ಟಿ ಎಂದು ಹೆಸರು. ಸೊಂಟನೋವಿಗೆ ಬಳಸುವ ಕ್ಲೋರ್‌ಜೋಕ್ಸಜೋನ್, ಮೆಥೋಕಾರ್ಬಮಾಲ್, ಕ್ಯಾರಿಸೊಪ್ರೊಡಾಲ್‌ನಂಥವು ಅದರಲ್ಲಿವೆ. ಮಂಪರು ಬರುತ್ತದೆ, ಬೀಳುತ್ತಾರೆ, ಮೂಳೆ ಮುರಿಯುತ್ತದೆ ಎಂಬುದೇ ಕಾರಣ. ರಾತ್ರಿ ಮೂತ್ರಕ್ಕೆ ಏಳುವ ಅಜ್ಜನ ಹಾಸಿಗೆಯಿಂದ ಬಚ್ಚಲಿನ ತನಕ ಒಂದು ಸಣ್ಣ ದೀಪ ಉರಿಯುತ್ತಿರಲಿ. ದಾರಿಯಲ್ಲಿ ಒದ್ದೆ ಕಾಲೊರಸು ಬೇಡ.

ಮೂತ್ರದ ಬಣ್ಣ ಬದಲಾದರೆ ಕಣ್ಣು ನೋಡಿ. ಕ್ಲೋರ್‌ಜೋಕ್ಸಜೋನ್ ತೆಗೆದುಕೊಂಡವರಲ್ಲಿ ಕೆಲವರಿಗೆ ಮೂತ್ರ ಕಿತ್ತಳೆ ಅಥವಾ ಕೆಂಪು ನೇರಳೆಗೆ ತಿರುಗುವುದುಂಟು. ಮೆಥೋಕಾರ್ಬಮಾಲ್‌ನಲ್ಲಿ ಕಂದು, ಕಪ್ಪು, ಹಸಿರು ಕೂಡ ಆಗಬಹುದು. ಔಷಧ ದೇಹದಲ್ಲಿ ಒಡೆದು ಹೊರಹೋಗುವಾಗಿನ ಬಣ್ಣ ಅದು, ಅಷ್ಟಕ್ಕೇ ಅಪಾಯವಿಲ್ಲ. ತೊಡಕು ಇರುವುದು ಬೇರೆ ಕಡೆ. ಇದೇ ಕ್ಲೋರ್‌ಜೋಕ್ಸಜೋನ್ ಅಪರೂಪಕ್ಕೆ ಪಿತ್ತಜನಕಾಂಗಕ್ಕೆ ಗಂಭೀರ ಪೆಟ್ಟು ಕೊಡುತ್ತದೆ, ಆಗಲೂ ಮೂತ್ರ ಗಾಢವಾಗುತ್ತದೆ. ಹಾಗಾಗಿ ಬೆಳಕಿಗೆ ಮುಖ ಮಾಡಿ ನಿಂತು ಕಣ್ಣಿನ ಬಿಳಿಭಾಗ ಹಳದಿಯಾಗಿದೆಯೇ ನೋಡಿಸಿಕೊಳ್ಳಿ. ಊಟ ಸೇರುತ್ತಿಲ್ಲವೇ, ವಾಕರಿಕೆ ಇದೆಯೇ, ಬಲಪಕ್ಕೆಲುಬಿನ ಕೆಳಗೆ ನೋವೇ, ಜ್ವರವೇ, ಮೈಮೇಲೆ ದದ್ದೇ? ಇವುಗಳಲ್ಲಿ ಒಂದಿದ್ದರೂ ಮಾತ್ರೆ ಆ ಕ್ಷಣಕ್ಕೆ ನಿಲ್ಲಬೇಕು, ಅದೇ ದಿನ ಲಿವರ್ ಪರೀಕ್ಷೆಗೆ ರಕ್ತ ಕೊಡಬೇಕು. ಒಂದೂ ಇಲ್ಲದಿದ್ದರೂ ವೈದ್ಯರಿಗೆ ಫೋನ್ ಮಾಡಿ ಹೇಳಿ. ಬಣ್ಣ ನೋಡಿ ‘ಇದು ಮಾತ್ರೆಯದ್ದೇ’ ಎಂದು ಮನೆಯಲ್ಲಿ ಕೂತು ತೀರ್ಪು ಕೊಡುವುದು ಬೇಡ.

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಬಿಪಿಯದು, ಸಕ್ಕರೆಯದು, ನಿದ್ದೆಯದು, ನೆಗಡಿಗೆ ತಂದದ್ದು, ಗರ್ಭನಿರೋಧಕ, ಯಾವುದನ್ನೂ ಬಿಡಬೇಡಿ. ಸಯಾಟಿಕಾಗೆ ಕೊಟ್ಟ ಪ್ರಿಗ್ಯಾಬಲಿನ್, ನಿದ್ದೆಗೆ ಕೊಟ್ಟ ಆಲ್‌ಪ್ರಜೋಲಂ, ನೋವಿಗೆ ಕೊಟ್ಟ ಟ್ರಮಡಾಲ್, ಸೀನಿಗೆ ನೀವೇ ತಂದ ಸೆಟಿರಿಜಿನ್ ಒಂದೊಂದೂ ಮಂಪರು ತರುವಂಥವು. ಮೂಳೆ ಡಾಕ್ಟರು ಬರೆದದ್ದು ಹೃದಯದ ಡಾಕ್ಟರಿಗೆ ಗೊತ್ತಿರುವುದಿಲ್ಲ. ಇಬ್ಬರ ಚೀಟಿಯೂ ಇರುವುದು ನಿಮ್ಮ ಕೈಯಲ್ಲಿ ಮಾತ್ರ.

ನಿಲ್ಲಿಸಬೇಕೋ, ಮುಂದುವರಿಸಬೇಕೋ

ಎಲ್ಲರೂ ತಪ್ಪುವುದು ಇಲ್ಲೇ. ಆದ್ದರಿಂದ ಎರಡಾಗಿ ಬೇರ್ಪಡಿಸಿ ಹೇಳುತ್ತೇನೆ.

ಉಳುಕಿಗೆ, ಸೊಂಟ ಹಿಡಿದದ್ದಕ್ಕೆ ಮೂರೋ ಐದೋ ದಿನಕ್ಕೆಂದು ಬರೆದುಕೊಟ್ಟ ಮಾತ್ರೆಯಾದರೆ, ಹೊಸ ತೊಂದರೆ ಕಂಡ ಕೂಡಲೇ ಮುಂದಿನ ಗುಳಿಗೆ ನುಂಗಬೇಡಿ. ನುಂಗದೆ ಫೋನ್ ಮಾಡಿ. ಒಂದು ಹೊತ್ತು ತಪ್ಪಿದರೆ ನೋವು ಸ್ವಲ್ಪ ಹೆಚ್ಚಾದೀತು, ಬೇರೇನೂ ಆಗದು. ‘ಕೋರ್ಸ್ ಮುಗಿಸಲೇಬೇಕು’ ಎಂಬ ಮಾತು ಆಂಟಿಬಯೋಟಿಕ್‌ಗೆ ಹೇಳಿದ್ದು, ಸೊಂಟನೋವಿನ ಮಾತ್ರೆಗೆ ಅಲ್ಲ.

ಪಾರ್ಶ್ವವಾಯು, ಬೆನ್ನುಹುರಿ ಪೆಟ್ಟು, ಮಲ್ಟಿಪಲ್ ಸ್ಕ್ಲೆರೋಸಿಸ್, ಮಕ್ಕಳ ಸೆರೆಬ್ರಲ್ ಪಾಲ್ಸಿ ಇಂಥವುಗಳಿಗೆ ತಿಂಗಳುಗಟ್ಟಲೆ ತೆಗೆದುಕೊಳ್ಳುವ ಬ್ಯಾಕ್ಲೋಫೆನ್ ಆದರೆ ಲೆಕ್ಕ ಪೂರ್ತಿ ತಲೆಕೆಳಗು. ಅದನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. 1962ರಲ್ಲಿ ಈ ಔಷಧವನ್ನು ಮೊದಲು ತಯಾರಿಸಿದ್ದು ಮೂರ್ಛೆರೋಗಕ್ಕೆಂದು. ಅದಕ್ಕೆ ಉಪಯೋಗವಾಗಲಿಲ್ಲ, ಸ್ನಾಯು ಬಿಗಿತಕ್ಕೆ ಒದಗಿಬಂತು. ಆದರೆ ಬಹಳ ದಿನ ತೆಗೆದುಕೊಂಡು ಥಟ್ಟನೆ ಬಿಟ್ಟವರಿಗೆ ಅದೇ ಮೂರ್ಛೆ ಬರಬಹುದು. ಬಿಗಿತ ಮೊದಲಿಗಿಂತ ಹೆಚ್ಚಾಗುತ್ತದೆ, ಇಲ್ಲದ್ದು ಕಾಣುತ್ತದೆ, ಮಾತು ಅಡ್ಡಾದಿಡ್ಡಿಯಾಗುತ್ತದೆ. ಮನೆಯವರು ಇದನ್ನು ಕಂಡು ಕಾಯಿಲೆ ಉಲ್ಬಣಿಸಿತು ಎಂದುಕೊಳ್ಳುತ್ತಾರೆ. ಮಾತ್ರೆ ತೀರಿಹೋಗಿ ಮೂರು ದಿನವಾಗಿತ್ತು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಟೈಜಾನಿಡಿನ್ ಅನ್ನು ಹೆಚ್ಚು ಪ್ರಮಾಣದಲ್ಲಿ ವಾರಗಟ್ಟಲೆ ತೆಗೆದುಕೊಂಡವರು ನಿಲ್ಲಿಸಿದರೂ ಬಿಪಿ ಹಾರಿ, ಎದೆ ಡವಗುಟ್ಟುವುದುಂಟು. ಇವೆರಡನ್ನೂ ವೈದ್ಯರು ಹಂತಹಂತವಾಗಿ ಇಳಿಸಬೇಕು. ಜಾತ್ರೆ, ಮದುವೆ, ಊರ ಹಬ್ಬ ಎಂದು ಹೊರಡುವಾಗ ಒಂದು ವಾರದ ಹೆಚ್ಚುವರಿ ಮಾತ್ರೆ ಜೊತೆಗಿರಲಿ. ತಾಲ್ಲೂಕು ಊರಿನ ಅಂಗಡಿಯಲ್ಲಿ ಬ್ಯಾಕ್ಲೋಫೆನ್ ಸಿಗುತ್ತದೆ ಎಂದು ನಂಬಿ ಕೂರಬೇಡಿ.

ಬ್ಯಾಕ್ಲೋಫೆನ್ ಹೊರಹೋಗುವುದು ಹೆಚ್ಚಿನ ಪಾಲು ಮೂತ್ರಪಿಂಡದ ಮೂಲಕ. ಕಿಡ್ನಿ ಸೋತವರಲ್ಲಿ, ಡಯಾಲಿಸಿಸ್‌ನಲ್ಲಿರುವವರಲ್ಲಿ ಸಣ್ಣ ಪ್ರಮಾಣವೂ ಮೈಯಲ್ಲಿ ಉಳಿದು ಸೇರುತ್ತಾ ಹೋಗುತ್ತದೆ. ಅವರು ತೊದಲಿದರೆ, ಜನರ ಗುರುತು ತಪ್ಪಿದರೆ, ಎಬ್ಬಿಸಿದರೂ ಏಳದಿದ್ದರೆ ‘ವಯಸ್ಸಾಯಿತು, ಮರೆವು’ ಎನ್ನಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆಯ ಹೆಸರು ಹೇಳಿ.

ಮಾಡಬಾರದ್ದು

ಟೈಜಾನಿಡಿನ್ ಜೊತೆ ಸಿಪ್ರೊಫ್ಲಾಕ್ಸಾಸಿನ್ ನುಂಗಬಾರದು. ಈ ಸೂಚನೆಯಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದೇ ಇರಲಿ. ಹೊಟ್ಟೆ ಕೆಟ್ಟರೆ ಅಂಗಡಿಗೆ ಹೋಗಿ ‘ಲೂಸ್ ಮೋಷನ್‌ಗೆ ಒಂದು ಮಾತ್ರೆ ಕೊಡಿ’ ಎಂದರೆ ಎಷ್ಟೋ ಕಡೆ ಕೈಗೆ ಬರುವುದು ಸಿಪ್ರೊಫ್ಲಾಕ್ಸಾಸಿನ್, ಟಿನಿಡಜೋಲ್ ಜೋಡಿ. ಮೂತ್ರದ ಸೋಂಕಿಗೂ ಸಿಪ್ರೊಫ್ಲಾಕ್ಸಾಸಿನ್ ಬರೆಯುವುದುಂಟು. ಟೈಜಾನಿಡಿನ್ ಅನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವವನ್ನು ಅದು ತಡೆಹಿಡಿಯುತ್ತದೆ. ರಕ್ತದಲ್ಲಿ ಟೈಜಾನಿಡಿನ್ ಮಟ್ಟ ಸುಮಾರು 10 ಪಟ್ಟು ಏರುತ್ತದೆ. ಗೀಳಿನ ಕಾಯಿಲೆಗೆ, ಅಂದರೆ ಓಸಿಡಿಗೆ, ಕೊಡುವ ಫ್ಲೂವೊಕ್ಸಮಿನ್ ಆದರೆ ಸುಮಾರು 33 ಪಟ್ಟು. ನುಂಗಿದ್ದು 2 ಮಿಲಿಗ್ರಾಂ, ದೇಹಕ್ಕೆ ತಾಕಿದ್ದು ಅದರ ಎಷ್ಟೋ ಪಟ್ಟು. ಬಿಪಿ ನೆಲಕ್ಕಿಳಿಯುತ್ತದೆ, ಪ್ರಜ್ಞೆ ತಪ್ಪುತ್ತದೆ. ಗರ್ಭನಿರೋಧಕ ಮಾತ್ರೆಗಳೂ ಟೈಜಾನಿಡಿನ್ ಪ್ರಮಾಣವನ್ನು ಏರಿಸುತ್ತವೆ, ಇಷ್ಟು ಅಲ್ಲದಿದ್ದರೂ. ಬಿಪಿಗೆಂದು ಕ್ಲೋನಿಡಿನ್ ತೆಗೆದುಕೊಳ್ಳುವವರಿಗೆ ಟೈಜಾನಿಡಿನ್ ಬೇಡವೇ ಬೇಡ, ಎರಡೂ ಒಂದೇ ಜಾತಿಯ ಔಷಧ.

ಬೈಕು, ಆಟೊ, ಟ್ರ್ಯಾಕ್ಟರ್ ಓಡಿಸಬಾರದು; ಮರ ಹತ್ತಬಾರದು. ಮಾತ್ರೆ ಶುರು ಮಾಡಿದ ಮೊದಲ ದಿನಗಳಲ್ಲಿ, ಪ್ರಮಾಣ ಹೆಚ್ಚಿಸಿದ ದಿನಗಳಲ್ಲಿ ಇದು ಕಟ್ಟುನಿಟ್ಟು. ಅಡಿಕೆ ಕೊಯ್ಲಿನ ಹೊತ್ತಿಗೆ ಸೊಂಟ ಹಿಡಿಯದ ಕೊನೆಗಾರ ಯಾರಿದ್ದಾನೆ? ಬೆಳಿಗ್ಗೆ ಮಾತ್ರೆ ನುಂಗಿ ಮರ ಏರುವುದಕ್ಕಿಂತ ಒಂದು ದಿನದ ಕೂಲಿ ಹೋಗುವುದು ಮೇಲು. ತೋಟದ ಯಜಮಾನರೂ ಆ ದಿನ ಅವನನ್ನು ಮರ ಹತ್ತಿಸಬಾರದು. ವೈದ್ಯರನ್ನು ಕೇಳಿ ರಾತ್ರಿ ಮಲಗುವ ಹೊತ್ತಿಗೆ ಮಾತ್ರೆ ಹೊಂದಿಸಿಕೊಳ್ಳಬಹುದೇ ನೋಡಿ.

ಕುಡಿಯಬಾರದು. ಒಂದು ಪೆಗ್ಗೂ ಇಲ್ಲ, ಬಿಯರೂ ಇಲ್ಲ.

ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಕೇಳಿ ತರಬಾರದು. ತಲೆ ಸುತ್ತಿಗೆ ಒಂದು, ಗ್ಯಾಸ್ಟ್ರಿಕ್‌ಗೆ ಒಂದು, ನಿದ್ದೆ ಬಾರದ್ದಕ್ಕೆ ಒಂದು ಎಂದು ಕೂಡಿಸುತ್ತಾ ಹೋದರೆ ವೈದ್ಯರಿಗೂ ಮೂಲ ಸಿಗುವುದಿಲ್ಲ. ಮಂಪರಿಗೆ ಸ್ಟ್ರಾಂಗ್ ಕಾಫಿ ಕುಡಿದು ಗಾಡಿ ಹತ್ತುವುದೂ ಇದೇ ಸಾಲಿಗೆ ಸೇರುತ್ತದೆ.

ನೋವು ಇಳಿಯಲಿಲ್ಲವೆಂದು ಪಕ್ಕದಲ್ಲಿ ಮತ್ತೊಂದು ನೋವಿನ ಮಾತ್ರೆ ಸೇರಿಸಬಾರದು. ಒಳಗೆ ಆಗಲೇ ಅಸೆಕ್ಲೋಫೆನಾಕ್ ಇದೆ. ಮೇಲೆ ಡೈಕ್ಲೋಫೆನಾಕ್ ನುಂಗಿ, ಮತ್ತೆ ಅದೇ ಜಾತಿಯ ಚುಚ್ಚುಮದ್ದು ಹಾಕಿಸಿಕೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವ, ಕಿಡ್ನಿಗೆ ಪೆಟ್ಟು ಎರಡಕ್ಕೂ ದಾರಿ. ಜ್ವರಕ್ಕೆಂದು ಬೇರೆ ಪ್ಯಾರಾಸಿಟಮಾಲ್ ನುಂಗುವ ಮೊದಲು ಸೊಂಟದ ಮಾತ್ರೆಯೊಳಗಿನ 325ನ್ನೂ ಲೆಕ್ಕಕ್ಕೆ ಹಿಡಿಯಿರಿ.

‘ಹೀಟ್ ಆಗಿದೆ’ ಎಂದು ಸುಮ್ಮನಾಗಬಾರದು. ನಮ್ಮಲ್ಲಿ ಮಾತ್ರೆಯ ಪ್ರತಿ ಕಿರುಕುಳಕ್ಕೂ ಇದೊಂದೇ ವಿವರಣೆ. ಬಾಯಿ ಹುಣ್ಣಾದರೂ ಹೀಟು, ಮೂತ್ರ ಉರಿದರೂ ಹೀಟು, ಕಣ್ಣು ಹಳದಿಯಾದರೂ ಹೀಟು. ಎಳನೀರು ಕುಡಿದು ಎರಡು ದಿನ ನೋಡೋಣ ಎನ್ನುತ್ತಾರೆ. ಆರೋಗ್ಯವಂತರಿಗೆ ಎಳನೀರಿನಿಂದ ಕೆಡುಕಿಲ್ಲ. ಕಿಡ್ನಿ ತೊಂದರೆ ಇರುವವರಿಗೆ ಹಾಗಲ್ಲ. ನೋವಿನ ಮಾತ್ರೆ ಅವರ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲದು, ಎಳನೀರಿನಲ್ಲೂ ಪೊಟ್ಯಾಸಿಯಂ ಹೇರಳ. ಬಾಯಲ್ಲಿ ಬೊಬ್ಬೆ, ಮೈಮೇಲೆ ಸುಲಿಯುವ ದದ್ದು ಬಂದರೆ ಅದು ಉಷ್ಣವಲ್ಲ, ಔಷಧದ ಅಲರ್ಜಿ.

ಗಿಡಮೂಲದ್ದು, ಸೌಮ್ಯ ಎಂದು ಮೋಸಹೋಗಬಾರದು. ಗೌರಿ ಹಬ್ಬದ ಹೊತ್ತಿಗೆ ಮಲೆನಾಡಿನ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂವಿನಲ್ಲಿ, ಅಂದರೆ ಅಗ್ನಿಶಿಖೆಯ ಬೀಜದಲ್ಲಿ, ಸಿಗುವ ವಸ್ತುವಿನಿಂದಲೇ ಥಯೋಕಾಲ್ಚಿಕೋಸೈಡ್ ತಯಾರಾಗುವುದು. ಅದೇ ಗಿಡದ ಗೆಡ್ಡೆ ಕಡು ವಿಷ ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಈ ಔಷಧ ದೇಹದಲ್ಲಿ ಒಡೆದಾಗ ಬರುವ ಒಂದು ವಸ್ತು, ವಿಭಜನೆಯಾಗುತ್ತಿರುವ ಜೀವಕೋಶಗಳ ವರ್ಣತಂತುಗಳ ಸಂಖ್ಯೆಯನ್ನೇ ಕೆಡಿಸಬಲ್ಲದು ಎಂದು ಪ್ರಯೋಗಗಳಲ್ಲಿ ಕಂಡಮೇಲೆ ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ಕಡಿವಾಣ ಹಾಕಿದರು. ಬಾಯಿಂದ ತೆಗೆದುಕೊಳ್ಳುವುದಾದರೆ 12 ಗಂಟೆಗೊಮ್ಮೆ ಹೆಚ್ಚೆಂದರೆ 8 ಮಿಲಿಗ್ರಾಂ, ಒಟ್ಟು 7 ದಿನ ಮೀರುವಂತಿಲ್ಲ. ಚುಚ್ಚುಮದ್ದು 5 ದಿನ. ಹದಿನಾರು ತುಂಬದವರಿಗೆ, ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಗರ್ಭನಿರೋಧಕ ಬಳಸದ ಹೆರುವ ವಯಸ್ಸಿನ ಹೆಂಗಸರಿಗೆ ಇಲ್ಲವೇ ಇಲ್ಲ. ಮುಟ್ಟು ತಡವಾಗಿದ್ದರೆ ಮಾತ್ರೆಗೆ ಮೊದಲೇ ವೈದ್ಯರಿಗೆ ಹೇಳಿ. ಹೇಳಲು ನಾಚುವ ವಿಷಯವಲ್ಲ. ಫಿಟ್ಸ್ ಇರುವವರೂ ಮೊದಲೇ ತಿಳಿಸಬೇಕು.

ಹಳೆಯ ಚೀಟಿ ತೋರಿಸಿ ವಾರದ ಮೇಲೆ ವಾರ ತರಬಾರದು. ಈ ಮಾತ್ರೆಗಳಿಂದ ಸಿಗುವ ಲಾಭವಾದರೂ ಎಷ್ಟು? ಕೆಳಬೆನ್ನು ನೋವಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಒಂದು ಅಧ್ಯಯನ 2021ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ನೋವನ್ನು ನೂರು ಅಂಕಕ್ಕೆ ಅಳೆದರೆ ಇವು ಇಳಿಸುವುದು ಎಂಟು ಅಂಕಕ್ಕೂ ಕಡಿಮೆ, ಅದೂ ಮೊದಲ ಎರಡು ವಾರದ ಮಾತು. ಆ ಅಂದಾಜಿನ ಮೇಲೂ ಗಟ್ಟಿ ಭರವಸೆ ಇಡುವಂತಿಲ್ಲ ಎಂದೇ ಅಧ್ಯಯನ ಹೇಳಿತು. ಇಷ್ಟು ಸಣ್ಣ ಲಾಭಕ್ಕೆ ಹಗಲೆಲ್ಲ ತೂಕಡಿಸುತ್ತಾ, ಗೋಡೆ ಹಿಡಿದು ನಡೆಯುತ್ತಾ ಸಹಿಸಿಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಸ್ಟ್ರಿಪ್‌ನ ಬೆನ್ನಿನಲ್ಲಿ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಮಾರಬಾರದ ಔಷಧ. ಕಳೆದ ವರ್ಷದ ಚೀಟಿ ಕಳೆದ ವರ್ಷದ ನೋವಿಗೆ.

ನಿಮ್ಮ ಮಾತ್ರೆ ಪಕ್ಕದ ಮನೆಯವರಿಗೆ ಕೊಡಬಾರದು, ಅವರದ್ದು ನೀವು ನುಂಗಬಾರದು. ಅದರಲ್ಲೂ ಎಲ್ಲೋ ಉಳಿದ ಕ್ಯಾರಿಸೊಪ್ರೊಡಾಲ್ ಸಿಕ್ಕರೆ ಮುಟ್ಟಬೇಡಿ. ಚಟ ಹಿಡಿಸುತ್ತದೆ ಎಂಬ ಕಾರಣಕ್ಕೇ ಯುರೋಪು 2007ರಲ್ಲಿ ಅದನ್ನು ಮಾರುಕಟ್ಟೆಯಿಂದ ಹೊರಗಿಡಲು ಶಿಫಾರಸು ಮಾಡಿತು. ಟ್ಯಾಪೆಂಟಡಾಲ್ ಜೊತೆ ಅದನ್ನು ಬೆರೆಸಿ ಪಶ್ಚಿಮ ಆಫ್ರಿಕಾಕ್ಕೆ ಕಳಿಸುತ್ತಿದ್ದುದು ಬಯಲಾದ ಮೇಲೆ, 2025ರ ಫೆಬ್ರುವರಿಯಲ್ಲಿ ಭಾರತ ಸರ್ಕಾರ ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿನ ಅನುಮತಿ ಹಿಂತೆಗೆದುಕೊಳ್ಳಲು ಆದೇಶಿಸಿತು.

ಕಾಯದೆ ಆಸ್ಪತ್ರೆಗೆ

ಮುಖ, ತುಟಿ, ನಾಲಗೆ ಊದಿಕೊಂಡರೆ. ಉಸಿರು ಸಿಕ್ಕಿಕೊಂಡರೆ. ಎಬ್ಬಿಸಿದರೂ ಕಣ್ಣು ಬಿಡದಿದ್ದರೆ. ಮೂರ್ಛೆ ಬಂದರೆ. ಎದೆನೋವು ಕಾಣಿಸಿಕೊಂಡರೆ. ವಾಂತಿಯಲ್ಲಿ ರಕ್ತ, ಟಾರಿನಂತೆ ಕಪ್ಪು ಮಲ ಕಂಡರೆ. ಮೂತ್ರವೇ ಹೋಗದಿದ್ದರೆ. ಮಗು ಮಾತ್ರೆ ನುಂಗಿದೆ ಎಂದು ಅನುಮಾನ ಬಂದರೂ.

108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಬವಳಿ ಬಂದವರನ್ನು ಬೈಕಿನ ಮಧ್ಯದಲ್ಲಿ ಕೂರಿಸಿಕೊಂಡು ಹೊರಡಬೇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು, ಹಾಲು, ನಿಂಬೆರಸ ಯಾವುದನ್ನೂ ಹಾಕಬಾರದು. ಬೆರಳು ಹಾಕಿ ವಾಂತಿ ಮಾಡಿಸಬಾರದು. ಒಂದು ಮಗ್ಗುಲಿಗೆ ಮಲಗಿಸಿ, ಉಸಿರಾಟ ನೋಡುತ್ತಿರಿ. ಸ್ಟ್ರಿಪ್, ಬಿಲ್, ನೀವು ಹೊತ್ತು ಬರೆದಿಟ್ಟ ಕಾಗದ ಇವಿಷ್ಟೂ ರೋಗಿಯ ಜೊತೆ ಹೋಗಬೇಕು.

ಆಮೇಲೆ

ಯಾವ ಔಷಧ ಆಗಿಬರಲಿಲ್ಲ ಎಂಬುದನ್ನು ಅದರ ನಿಜವಾದ ಹೆಸರಿನಲ್ಲಿ ಬರೆಸಿಕೊಂಡು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಮುಂದಿನ ಸಲ ಯಾವ ಆಸ್ಪತ್ರೆಗೆ ಹೋದರೂ ಮೊದಲು ಆ ಚೀಟಿ ತೋರಿಸಿ.

ಜೊತೆಗೆ ವರದಿಯನ್ನೂ ಕೊಡಿ. ಔಷಧದ ಅಡ್ಡಪರಿಣಾಮಗಳನ್ನು ದಾಖಲಿಸಲು ಭಾರತೀಯ ಔಷಧ ನಿಗಾ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಆಯೋಗ ಅದರ ಕೇಂದ್ರ. ದೂರು ಬರೆಯಲು ವೈದ್ಯರೇ ಆಗಬೇಕಿಲ್ಲ, ನೀವೇ ಸಾಕು. ಸಾರ್ವಜನಿಕರ ನಮೂನೆ ಕನ್ನಡದಲ್ಲೂ ಇದೆ. ಅನೇಕ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಕೇಂದ್ರಗಳಿವೆ. ಕೆಲಸದ ದಿನಗಳಲ್ಲಿ 1800-180-3024ಕ್ಕೆ ಕರೆ ಮಾಡಿ, ಮಾತ್ರೆಯ ಹೆಸರು, ಬ್ಯಾಚ್ ಸಂಖ್ಯೆ, ಆದದ್ದೇನು ಎಂದು ಹೇಳಿ. ಕರೆಗೆ ದುಡ್ಡಿಲ್ಲ.